ಕಡಿಮೆಯಾದ ಮಾತ್ರೆ

ಅವಳ ಕಿಡ್ನಿ ಕೆಡುತ್ತಿದೆಯೆಂದು ಡಾಕ್ಟರು ಗಂಡನಿಗೆ ಹೇಳಿದರು, ಅವಳಿಗೆ ಹೇಳಲಿಲ್ಲ. ಒಂದಿಡೀ ವರ್ಷ ಹೇಳಲಿಲ್ಲ. ಈಗ ಈ ಕೋಣೆಯಲ್ಲಿ ಮೇಜಿನ ಗಾಜಿನೊಳಗೆ ಫ್ಯಾನು ತಿರುಗುತ್ತಿದೆ, ಅಥವಾ ತಿರುಗುತ್ತಿರುವುದು ಅವಳ ತಲೆಯೋ, ಡಾಕ್ಟರ ತುಟಿ ಆಡುತ್ತಿದೆ, ಡಯಾಲಿಸಿಸ್ ಅನ್ನುತ್ತಿದ್ದಾರೆ, ಯಾರಿಗೆ — ಗಂಡ ನೆಲ ನೋಡುತ್ತಾ ತಲೆಯಾಡಿಸುತ್ತಾನೆ, ಹಾಗಾದರೆ ಇವನಿಗೆ ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು — ಕೆಟ್ಟಿದ್ದು ಕರುಳಲ್ಲವೇ, ಅದನ್ನು ಕಿತ್ತು ಸತ್ತವರ್ಯಾರದೋ ಕರುಳು ಜೋಡಿಸಿದರಲ್ಲ, ಅದು ಒಗ್ಗಿದೆ, ಉಂಡದ್ದು ಅರಗುತ್ತಿದೆ, ಕೆಲಸದ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಅವಳು ಹಾಳೆ ಮಡಚಿ ಅಂಚು ತೀಡುವಾಗ ಮೇಸ್ತ್ರಿ ಗೇಲಿ ಮಾಡಿದ್ದ, ಏನಕ್ಕಾ, ಕರುಳು ಬೇರೆಯವರದು, ಹಸಿವು ಯಾರದು, ಹಸಿವು ನಂದೇ ಕಣಪ್ಪಾ, ನಿನ್ನ ಬುತ್ತಿ ತೆಗಿ ನೋಡೋಣ — ಎಲ್ಲರೂ ನಕ್ಕಿದ್ದರು, ಆಮೇಲೆ ಕಾಲು ಊದಿತು, ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿತು, ದಿನವಿಡೀ ನಿಂತಿರ್ತೀಯಲ್ಲ ಅದಕ್ಕೆ ಅಂದ ಗಂಡ, ಬಾಯಲ್ಲಿ ತಾಮ್ರದ ಕಹಿ, ಪುಟಗಳನ್ನು ಹಿಂದುಮುಂದಾಗಿ ಜೋಡಿಸಿ ಬೈಸಿಕೊಂಡಳು, ನಿದ್ದೆಗೆಟ್ಟಿದ್ದೀಯ ಕಣೇ ಅಂದ, ಅವನ ಹತ್ತಿರ ಎಲ್ಲಕ್ಕೂ ಉತ್ತರವಿತ್ತು.

ಮಾತ್ರೆ, ಹೌದು, ಹೊಸ ಕರುಳನ್ನು ಮೈ ತಳ್ಳಿಹಾಕದಿರಲೆಂದು ಕೊಟ್ಟ ಮಾತ್ರೆ, ಅದನ್ನು ಕಡಿಮೆ ಮಾಡಿದರು, ಎರಡಿದ್ದದ್ದು ಒಂದಾಯಿತು, ಅವಳಿಗೋ ಖುಷಿ, ಮೈ ಹೊಸ ಕರುಳನ್ನು ತನ್ನದೆಂದು ಒಪ್ಪಿಕೊಂಡಿತು, ಇನ್ನು ಕಾವಲು ಬೇಡವಂತೆ, ಬೈಂಡಿಂಗ್ ಕೋಣೆಗೆಲ್ಲ ಟೀ ತರಿಸಿದಳು, ಮೇಸ್ತ್ರಿಗೆ ಎರಡು ಲೋಟ, ಕರೆದುಕೊಂಡು ಹೋಗಲು ಬಂದ ಗಂಡನೂ ಕುಡಿದ, ಚೆನ್ನಾಗಿದೆ ಅಂದ, ಎಲ್ಲ ತಿಳಿದೂ ಕುಡಿದ — ಡಾಕ್ಟರು ಇನ್ನೂ ಹೇಳುತ್ತಲೇ ಇದ್ದಾರೆ, ಕರುಳನ್ನ ಉಳಿಸೋ ಆ ಮಾತ್ರೆಯಿಂದಾನೇ ಕಿಡ್ನಿ ಹಾಳಾಗಿದ್ದು, ಅದಕ್ಕೇ ಕಡಿಮೆ ಮಾಡಿದ್ವಿ, ಇನ್ನೂ ಕಡಿಮೆ ಮಾಡಿದ್ರೆ ಕರುಳು ಹೋಗುತ್ತೆ — ಹುಟ್ಟಿದಾಗಿನಿಂದ ಜೊತೆಗಿದ್ದದ್ದು ಸಾಯುತ್ತಿದೆ, ನಡುವೆ ಬಂದದ್ದು ಬದುಕಿದೆ, ಇದರಲ್ಲಿ ತನ್ನದು ಯಾವುದು, ಯಾವುದರ ಕಡೆ ನಿಲ್ಲಬೇಕು, ಮೊದಲೇ ಹೇಳಿದ್ದರೆ ಏನು ಕೇಳುತ್ತಿದ್ದಳು, ಏನಾದರೂ ಕೇಳುತ್ತಿದ್ದಳು, ಈಗ ಒಂದೂ ನೆನಪಾಗುತ್ತಿಲ್ಲ — ರೀ, ನಂಗ್ಯಾಕೆ ಹೇಳಲಿಲ್ಲ, ನೀನು ಹೆದರ್ಕೋತೀಯ ಅಂತ ಕಣೇ, ಅವಳ ಹೆದರಿಕೆಯನ್ನೂ ಇವರೇ ಇಟ್ಟುಕೊಂಡಿದ್ದರೇ, ಎಲ್ಲಿಟ್ಟಿದ್ದರು, ಮೈ ಯಾರದು —

ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ, ಡಯಾಲಿಸಿಸ್ ಯಾವಾಗ ಶುರು ಮಾಡೋದು ಅಂತ ಯಜಮಾನ್ರ ಹತ್ರ ಮಾತಾಡ್ತೀವಿ, ಅಂದರು ಡಾಕ್ಟರು. ನರ್ಸ್ ಬಂದು ತೋಳು ಹಿಡಿದಳು, ಏಳಿ ಅಕ್ಕಾ, ಹಗುರ ಕೈ, ಒಳ್ಳೆಯ ಕೈ. ಗಂಡ ಆಗಲೇ ಎದ್ದು ಬಾಗಿಲು ತೆರೆದು ಹಿಡಿದಿದ್ದ. ಅವಳು ಕುರ್ಚಿಯ ಎರಡೂ ಅಂಚನ್ನು ಬಿಗಿಯಾಗಿ ಹಿಡಿದಳು.

ನಾನು ಏಳಲ್ಲ ಡಾಕ್ಟ್ರೇ. ಬೇಕಾದ್ರೆ ಅವರನ್ನ ಹೊರಗೆ ಕೂರಿಸಿ.