ಮುಚ್ಚಳ ತೆಗೆಯದೆ ಕೊಟ್ಟ ತೀರ್ಪು

ನನ್ನ ಅಕ್ಕ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಮುಖಕ್ಕೆ ಹಚ್ಚುವ ಫೌಂಡೇಶನ್ ಚರ್ಮಕ್ಕೆ ನಿಜವಾಗಿ ಒಳ್ಳೆಯದು ಮಾಡುತ್ತದೆಯೋ ಇಲ್ಲವೋ ಎಂದು ವಾರಪತ್ರಿಕೆಯೊಂದಕ್ಕೆ ತೀರ್ಪು ಬರೆಯುವುದು ಅವಳ ಕೆಲಸ. ತೀರ್ಪಿಗೆ ಅವಳು ನೋಡುವುದು ಡಬ್ಬಿಯ ಹಿಂಬದಿಯಲ್ಲಿ ಅಚ್ಚಾದ ಸಾಮಗ್ರಿಗಳ ಪಟ್ಟಿಯನ್ನು ಮಾತ್ರ. ಮುಚ್ಚಳ ತೆಗೆದರೆ ವಾಸನೆ ಬರುತ್ತದಂತೆ, ವಾಸನೆ ಬಂದರೆ ಮನಸ್ಸು ಜಾರುತ್ತದಂತೆ. ಹಾಗಾಗಿ ಅವಳ ಕಪಾಟಿನಲ್ಲಿ ಇಡೀ ಬೀದಿಯವರ ಮುಖಕ್ಕೆ ಬಳಿದರೂ ಮುಗಿಯದಷ್ಟು ಬಾಟಲಿಗಳಿವೆ, ಒಂದನ್ನೂ ತೆರೆದಿಲ್ಲ. ಕೇಳಿದರೆ ಕೊಡುತ್ತಾಳೆ. ನಾನು ಕೇಳುವುದಿಲ್ಲ, ಯಾಕೆಂದರೆ ನಾನು ಫೌಂಡೇಶನ್ ಮಾಡುವವಳು.

ಅವಳು ತೂಗಿ ನೋಡುವ ರೀತಿ ಸುಲಭದ್ದು. ಹೆಚ್ಚು ಹಾಕಿದ್ದು ಪಟ್ಟಿಯಲ್ಲಿ ಮೊದಲು, ಕಡಿಮೆ ಹಾಕಿದ್ದು ಆಮೇಲೆ ಎಂಬುದು ನಿಯಮ. ಸರಕು ಕೆಡದಂತೆ ಕಾಯುವ ಒಂದು ರಾಸಾಯನಿಕ ಹೆಚ್ಚುಕಡಿಮೆ ಎಲ್ಲ ಬಾಟಲಿಯಲ್ಲೂ ಇರುತ್ತದೆ. ಅದನ್ನು ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಹಾಕುವಂತಿಲ್ಲ. ಅಕ್ಕ ಅದನ್ನು ಕಾವಲುಗಾರ ಎನ್ನುತ್ತಾಳೆ. ಕಾವಲುಗಾರನಿಗಿಂತ ಮೊದಲು ಇರುವವರು ಮನೆಯವರು, ಕೆಲಸ ಮಾಡುವವರು. ಅವನ ಆಚೆ ನಿಂತ ವಿಟಮಿನ್ನು, ಹೂವಿನ ಸಾರ, ಬೇರಿನ ಸಾರ ಎಲ್ಲವೂ ಫೋಟೋಕ್ಕೆ ನಿಲ್ಲಲು ಬಂದ ನೆಂಟರು. ಮುಂಬದಿಯಲ್ಲಿ ‘ಚರ್ಮದ ಆರೈಕೆಯೂ ಉಂಟು’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡ ಎಷ್ಟೋ ಕಂಪನಿಗಳ ಮಾನವನ್ನು ಅಕ್ಕ ಈ ಒಂದು ಕಾವಲುಗಾರನ ಬಲದಿಂದ ಹರಾಜಿಗೆ ಹಾಕಿದ್ದಾಳೆ.

ಇಷ್ಟೆಲ್ಲ ಬರೆಯುವವಳ ಸ್ವಂತ ಮುಖದ ಸಂಗತಿ ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಎರಡನೆಯ ಬಸುರಿನಲ್ಲಿ ಅವಳ ಎರಡೂ ಕೆನ್ನೆಯ ಮೇಲೆ ಕಂದು ಮಚ್ಚೆ ಹರಡಿತು. ಹೆರಿಗೆಯಾದ ಮೇಲೆ ಹೋಗುತ್ತದೆ ಎಂದರು, ಹೋಗಲಿಲ್ಲ. ಆ ಮಗು ಈಗ ಅವಳ ಭುಜಕ್ಕೆ ಬಂದಿದೆ. ಅಂದಿನಿಂದ ಅಕ್ಕ ಎಲ್ಲೇ ಹೋದರೂ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಯಾರಾದರೂ ಕೆನ್ನೆ ಎಂಬ ಪದ ಎತ್ತಿದರೆ ಎದ್ದು ಹೋಗುತ್ತಾಳೆ. ಜಗಳವಿಲ್ಲ, ಮಾತಿಲ್ಲ, ಚೀಲ ತೆಗೆದುಕೊಂಡು ಹೊರಟೇ ಬಿಡುತ್ತಾಳೆ. ಅಂಕಣದ ಜೊತೆ ಬರುವ ಅವಳ ಫೋಟೋ ಮದುವೆಗೆ ಮುಂಚಿನದು.

ಹೀಗಿರುವಾಗ ಸಂಪಾದಕರು ಅವಳನ್ನು ಕರೆಸಿ, ಬರುವ ತಿಂಗಳಿನಿಂದ ಅಂಕಣ ಅಚ್ಚಿನಲ್ಲಿ ಬರುವುದಿಲ್ಲ, ವಿಡಿಯೋ ಆಗುತ್ತದೆ, ನೀವೇ ಎದುರು ಕೂತು ಹೇಳಬೇಕು ಎಂದರು. ಆಗುವುದಿಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದೂ ಸೇರಿಸಿದರು. ಅಕ್ಕ ಆಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಬಂದಳು. ಮನೆಗೆ ಬಂದು ಅಮ್ಮನಿಗೆ ಅದನ್ನು ಹವಾಮಾನ ವರದಿಯ ಹಾಗೆ ಒಪ್ಪಿಸಿದಳು. ಆ ಅಂಕಣ ಬಿಟ್ಟರೆ ಅವಳಿಗೆ ಬೇರೆ ಗೀಳಿಲ್ಲ, ಬೇರೆ ಗೆಳತಿಯರಿಲ್ಲ. ಅದು ನನಗೂ ಗೊತ್ತು, ಅಮ್ಮನಿಗೂ ಗೊತ್ತು.

ಅದಕ್ಕೇ ನಾನು ಆ ಫೌಂಡೇಶನ್ ಮಾಡಿದೆ. ನಾನು ದೊಡ್ಡ ಕಾರ್ಖಾನೆಯೊಂದರ ಕೆಳಮಹಡಿಯಲ್ಲಿ, ಮಿಶ್ರಣದ ವಿಭಾಗದಲ್ಲಿ ಬಹಳ ಕಾಲ ದುಡಿದು, ಈಗ ಅಮ್ಮನ ಮನೆಯ ಕಾರಿಲ್ಲದ ಕಾರುಶೆಡ್ಡಿನಲ್ಲಿ ಸ್ವಂತ ಕೆಲಸ ನಡೆಸುತ್ತೇನೆ. ಪರವಾನಗಿ ಇದೆ, ತಕ್ಕಡಿ ಇದೆ, ಚೀಟಿ ಅಂಟಿಸಲು ಅಮ್ಮ ಇದ್ದಾಳೆ. ಸುವಾಸನೆ ಹಾಕಲಿಲ್ಲ. ಮಚ್ಚೆಯನ್ನು ನಿಧಾನವಾಗಿ ತಿಳಿಯಾಗಿಸಬಹುದು ಎನ್ನುವ ನಯಾಸಿನಮೈಡ್ ಎಂಬ ಬಿಳಿ ಪುಡಿಯನ್ನು ಕೈಬಿಚ್ಚಿ ಹಾಕಿದೆ. ಮೂರು ಬಣ್ಣ ಮಾಡಿದೆ. ಮೊದಲ ಎರಡು ಮಾರಾಟಕ್ಕೆ. ಮೂರನೆಯದು ಅಕ್ಕನಿಗೆ. ಅವಳು ಊಟವಾದ ಮೇಲೆ ಅಮ್ಮನ ಸೋಫಾದಲ್ಲಿ ಮಲಗಿದಾಗ ದವಡೆಯ ಪಕ್ಕ ಒಂದೊಂದೇ ಮಾದರಿ ಹಚ್ಚಿ, ಹೋಲಿಸಿ, ಒರೆಸಿದೆ. ಅಮ್ಮ ಪರದೆ ಸರಿಸಿ ಬೆಳಕು ಕೊಟ್ಟಳು. ಮಧ್ಯಾಹ್ನ ನಿದ್ದೆ ಹತ್ತಿದರೆ ಅಕ್ಕನಿಗೆ ಮನೆ ಮಾರಿದರೂ ಎಚ್ಚರವಾಗುವುದಿಲ್ಲ.

ಕೈಗೆ ಕೊಡುವಂತಿರಲಿಲ್ಲ, ಕೊಟ್ಟರೆ ಚೀಲ ತೆಗೆದುಕೊಂಡು ಹೊರಡುತ್ತಾಳೆ. ಹಾಗಾಗಿ ಎಲ್ಲ ಕಂಪನಿಯವರಂತೆ ಮೂರೂ ಬಾಟಲಿಗಳನ್ನು ಪತ್ರಿಕೆಗೆ ಕಳಿಸಿದೆ. ಪಟ್ಟಿ ಓದಿ ಮೆಚ್ಚುತ್ತಾಳೆ, ಮೆಚ್ಚಿದ ಮೇಲೆ ಒಂದು ಸಲವಾದರೂ ಮುಚ್ಚಳ ತೆಗೆಯುತ್ತಾಳೆ, ಹಚ್ಚಿಕೊಳ್ಳುತ್ತಾಳೆ, ಕ್ಯಾಮೆರಾ ಮುಂದೆ ಕೂರುತ್ತಾಳೆ. ಇಷ್ಟೇ ನನ್ನ ಯೋಜನೆ.

ತೀರ್ಪು ಬಂತು. ‘ಪಟ್ಟಿಯಲ್ಲಿ ಮೊದಲು ಸಿಲಿಕೋನ್ ಎಣ್ಣೆ, ಆಮೇಲೆ ಬಣ್ಣದ ಪುಡಿ, ಅದಾದ ಮೇಲೆ ನೀರು. ನೀರಿಗಿಂತ ಪುಡಿ ಹೆಚ್ಚಿದ್ದರೆ ಅದನ್ನು ಗೋಡೆಗೆ ಬಳಿಯಬಹುದು, ಒಂದೇ ಸಲಕ್ಕೆ ಸಾಕು. ಮುಂಬದಿಯಲ್ಲಿ ಮೆರೆಯುತ್ತಿರುವ ನಯಾಸಿನಮೈಡ್ ಹಿಂಬದಿಯಲ್ಲಿ ಕಾವಲುಗಾರನ ಆಚೆ, ಕಟ್ಟಕಡೆಗೆ ನಿಂತಿದೆ. ಚರ್ಮದ ಆರೈಕೆ: ಇಲ್ಲ. ಬಾಟಲಿಯ ತಳದಲ್ಲಿ ಅಂಟಿಸಿದ ಬಣ್ಣದ ಚುಕ್ಕಿ ನೋಡಿದರೆ ಮೂರನೆಯ ಬಣ್ಣ ಹಳದಿಯೂ ಅಲ್ಲ, ಕಂದೂ ಅಲ್ಲ. ಯಾರ ಮುಖಕ್ಕೆ ಮಾಡಿದ್ದೋ ತಿಳಿಯದು.’

ಪಿತ್ತ ನೆತ್ತಿಗೇರಿತು. ಫೋನ್ ಮಾಡಿದೆ.

“ಓದಿದೆ,” ಅಂದೆ.

“ಓದ್ಲಿ ಅಂತಾನೇ ಬರೆಯೋದು.”

“ನಯಾಸಿನಮೈಡ್ ಇಲ್ಲ ಅಂತೀಯಾ?”

“ಇಲ್ಲ ಅಂದಿಲ್ಲ. ಹೆಸರಿಗಿದೆ ಅಂದೆ.”

“ನೂರಕ್ಕೆ ನಾಲ್ಕು ಪಾಲು ಹಾಕಿದೀನಿ ಕಣಕ್ಕಾ.”

“ಹಾಗಂತ ಎಲ್ಲರೂ ಹೇಳ್ತಾರೆ. ನಾನು ಬಾಯಿಮಾತು ನಂಬಲ್ಲ, ಡಬ್ಬಿ ನಂಬ್ತೀನಿ.”

“ಒಡಹುಟ್ಟಿದವಳ ಮಾತೂ ನಂಬಲ್ವಾ?”

“ಅದನ್ನಂತೂ ನಂಬಲೇಬಾರದು. ಆಮೇಲೆ ಜನ ನನ್ನ ನಂಬಲ್ಲ.”

ಫೋನ್ ಇಟ್ಟೆ. ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಮ್ಮ ಮಾತ್ರ ಚೀಟಿ ಅಂಟಿಸುತ್ತಾ ಅವಳ ಸುದ್ದಿ ನನಗೆ, ನನ್ನ ಸುದ್ದಿ ಅವಳಿಗೆ ಮುಟ್ಟಿಸುತ್ತಿದ್ದಳು. ಇಬ್ಬರಿಗೂ ಒಂದಿಷ್ಟು ಉಪ್ಪುಖಾರ ಹಚ್ಚಿಯೇ ಮುಟ್ಟಿಸುತ್ತಿದ್ದಳು ಎಂದು ನನ್ನ ಗುಮಾನಿ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಸಂಪಾದಕರು ಅಕ್ಕನ ಜಾಗಕ್ಕೆ ಯಾರೋ ನಗುಮುಖದ ಹುಡುಗಿಯನ್ನು ನೋಡಿಟ್ಟಿದ್ದಾರೆ ಎಂದೂ ಅಮ್ಮನಿಂದಲೇ ತಿಳಿಯಿತು. ಕೊನೆಗೆ ಅಮ್ಮನಿಗೇ ಸಾಕಾಗಿ ಅಕ್ಕನಿಗೆ ಫೋನ್ ಮಾಡಿದಳು.

“ನಾಳೆ ಬೆಳಗ್ಗೆ ಬಾ. ಇವಳು ಮಾಡೋದನ್ನ ಕಣ್ಣಾರೆ ನೋಡು. ಸುಳ್ಳು ಅನ್ನಿಸಿದ್ರೆ ಪಾತ್ರೆ ನಾನೇ ಬೋರಲು ಹಾಕ್ತೀನಿ.”

ಅಕ್ಕ ಬಂದಳು. ಒಳಗೆ ಬರುವವರು ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಲೇಬೇಕು. ನಾನು ಹೇಳುವ ಮೊದಲೇ ಅವಳು ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡಿದ್ದಳು. ನಮ್ಮ ಶೆಡ್ಡು ಅವಳಿಗೆ ಹಿಡಿಸಿತು ಎಂದು ಕಾಣುತ್ತದೆ. ಸ್ಟೂಲು ಎಳೆದುಕೊಂಡು ತಕ್ಕಡಿಯ ಪಕ್ಕ ಕೂತು, ಸಾಲ ಕೊಟ್ಟವರು ಕೂರುವ ಹಾಗೆ ಕೈಕಟ್ಟಿದಳು.

ನಾನು ಕೆಲಸ ಶುರು ಮಾಡಿದೆ. ಪಾತ್ರೆಗೆ ಸಿಲಿಕೋನ್ ಸುರಿದೆ. ಅರೆದಿಟ್ಟ ಬಣ್ಣದ ಪುಡಿ ಹಾಕಿ ಗಂಟಿಲ್ಲದಂತೆ ಕಲಸಿದೆ. ಆಮೇಲೆ ನೀರನ್ನು ಎಳೆ ಎಳೆಯಾಗಿ ಬಿಡುತ್ತಾ ಯಂತ್ರ ತಿರುಗಿಸಿದೆ. ಕಾವಲುಗಾರನನ್ನು ಅಳೆದು ಹಾಕಿದೆ. ಕೊನೆಗೆ ಬೇರೆ ಜಗ್ಗಿನಲ್ಲಿ ಕರಗಿಸಿಟ್ಟಿದ್ದ ನಯಾಸಿನಮೈಡ್ ತೆಗೆದುಕೊಂಡೆ.

“ಇರು,” ಅಂದಳು ಅಕ್ಕ. “ಅದೆಷ್ಟು?”

“ನೂರಕ್ಕೆ ನಾಲ್ಕು. ಆವತ್ತೇ ಬಾಯಿ ಬಿಟ್ಟು ಹೇಳಿದ್ನಲ್ಲ.”

“ಕಾವಲುಗಾರ?”

“ಒಂದಕ್ಕಿಂತ ಕಮ್ಮಿ.”

“ನೀರು?”

“ಅರ್ಧದಷ್ಟು ನೀರೇ.”

“ಮತ್ತೆ ಡಬ್ಬಿ ಮೇಲೆ ನೀರು ಮೂರನೇದು ಯಾಕೆ?”

“ಮೂರನೇದಾಗಿ ಹಾಕೋದಲ್ವಾ? ಈಗ ತಾನೇ ನೋಡಿದೆ.”

ಅಕ್ಕ ನನ್ನನ್ನು ನೋಡಿದಳು. ಯಂತ್ರ ತಿರುಗುತ್ತಲೇ ಇತ್ತು.

“ಪಾತ್ರೆಗೆ ಹಾಕೋ ಕ್ರಮದಲ್ಲಿ ಬರೆದಿದೀಯಾ?”

“ಮತ್ತೆ ಹೇಗೆ ಬರೀತಾರೆ?” ಎಂದು ನನ್ನ ಬಾಯಿ ಹೇಳಿತು. ಹೇಳಿ ಮುಗಿಸುವಷ್ಟರಲ್ಲಿ ಉತ್ತರ ಹೊಳೆಯಿತು.

ಕಾರ್ಖಾನೆಯಲ್ಲಿ ಪ್ರತಿ ಪಾತ್ರೆಗೂ ಒಂದು ಕಾರ್ಡು ತೂಗುಹಾಕುತ್ತಿದ್ದರು. ಅದರಲ್ಲಿ ಹಾಕುವ ಕ್ರಮದಲ್ಲೇ ಬರೆದಿರುತ್ತಿತ್ತು. ಡಬ್ಬಿಯ ಪಟ್ಟಿಯನ್ನು ಮೇಲಿನ ಮಹಡಿಯವರು ಮಾಡುತ್ತಿದ್ದರು, ಆ ಮಹಡಿಯನ್ನು ನಾನು ಕಂಡವಳಲ್ಲ. ಅಕ್ಕನ ನಿಯಮ ನನಗೆ ಬಾಯಿಪಾಠ. ಪ್ರತಿವಾರ ಓದಿ, ಬೇರೆಯವರ ಡಬ್ಬಿ ತಿರುಗಿಸಿ ನೋಡಿ ನಕ್ಕಿದ್ದೇನೆ. ನನ್ನ ಡಬ್ಬಿಗೆ ಬರೆಯಲು ಕೂತಾಗ ಕೈ ತನ್ನಷ್ಟಕ್ಕೆ ಕಾರ್ಡು ಬರೆಯಿತು. ತಲೆಯನ್ನು ಅದು ಕೇಳಲೇ ಇಲ್ಲ.

“ಮುಚ್ಚಳ ತೆಗೆದಿದ್ರೆ ನಿನಗೂ ಗೊತ್ತಾಗ್ತಿತ್ತು,” ಅಂದೆ. ಸೋಲೊಪ್ಪುವ ಜಾಯಮಾನ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಚಮಚ ಅದ್ದಿ ಎತ್ತಿ ಹಿಡಿದೆ, ಹಾಲಿನಂತೆ ಹರಿಯಿತು. “ಗೋಡೆಗೆ ಬಳಿ ನೋಡೋಣ.”

“ತಪ್ಪು ಪಟ್ಟಿ ಅಂಟಿಸಿ ಮಾರೋಳು ನನಗೆ ಬುದ್ಧಿ ಹೇಳ್ತಾಳೆ.”

“ಇಬ್ಬರೂ ಬಾಯಿ ಮುಚ್ಚಿ,” ಅಂದಳು ಅಮ್ಮ. ಅವಳು ಆಗಲೇ ಒಂದು ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೀಳಲು ತೊಡಗಿದ್ದಳು. “ನಿಮ್ಮ ಜಾಣತನಕ್ಕೆ ಇದಿಷ್ಟೂ ಕೀಳಬೇಕಾದೋಳು ನಾನು.”

ಅಕ್ಕ ಮೂರನೆಯ ಬಣ್ಣದ ಬಾಟಲಿಯನ್ನು ಕೈಗೆತ್ತಿಕೊಂಡು ತಳ ನೋಡಿದಳು. “ಪಟ್ಟಿ ಹಾಳಾಗ್ಲಿ. ಇದು ಯಾರಿಗೆ ಅಂತ ಮಾಡಿದೆ? ಇದನ್ನ ಯಾರು ತಗೋತಾರೆ?”

ನಾನು ಬಗ್ಗಿ ಚಮಚ ಒರೆಸತೊಡಗಿದೆ. ಚೀಟಿ ಕೀಳುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು. “ನಿನಗೆ ಕಣೇ. ನೀನು ಮಲಗಿದ್ದಾಗ ನಿನ್ನ ಕೆನ್ನೆಗೇ ಹಿಡಿದು ನೋಡಿ ಮಾಡಿದ್ದು. ಪರದೆ ಸರಿಸಿದ್ದು ನಾನೇ.”

ಆ ಪದ ಬಂದಾಗಿತ್ತು. ಅಕ್ಕ ಎದ್ದಳು. ಟೋಪಿ ತೆಗೆದು ಮಡಚಿ ಸ್ಟೂಲಿನ ಮೇಲಿಟ್ಟಳು, ಚೀಲ ತೆಗೆದುಕೊಂಡಳು, ಮಾಸ್ಕಿನಲ್ಲೇ ಹೊರಟಳು. ಗೇಟು ಹಾಕಿದ ಸದ್ದು ಕೇಳಿತು.

ನನಗೆ ಅಳು ಬಂತು. ಅಂಕಣ ಹೋಯಿತು, ಅಕ್ಕನೂ ಹೋದಳು, ಎಲ್ಲ ನನ್ನ ಕೈಯಾರೆ ಎಂದುಕೊಂಡೆ. ಕೈಯಲ್ಲಿದ್ದ ಬಣ್ಣವನ್ನು ಕಣ್ಣಿಗೆ ಒರೆಸಿಕೊಂಡದ್ದು ಆಮೇಲೆ ತಿಳಿಯಿತು. ಅಮ್ಮ ನೋಡಿ, ಮೂರನೇದು ನಿನಗೆ ಒಪ್ಪಲ್ಲ, ತೊಳ್ಕೋ ಎಂದಳು. ಅಕ್ಕ ಕೈಗೆತ್ತಿಕೊಂಡಿದ್ದ ಬಾಟಲಿ ಮೇಜಿನ ಮೇಲೆ ಇಲ್ಲದ್ದನ್ನು ಆಗ ಇಬ್ಬರೂ ಗಮನಿಸಲಿಲ್ಲ.

ತಿಂಗಳು ಹುಟ್ಟಿತು. ನಾವು ಹೊಸ ಚೀಟಿ ಅಂಟಿಸುತ್ತಿದ್ದೆವು, ನೀರು ಮೊದಲು ಇರುವ ಚೀಟಿ. ನನ್ನ ಫೋನಿಗೆ ಪತ್ರಿಕೆಯ ವಿಡಿಯೋ ಬಂತು. ನಗುಮುಖದ ಹುಡುಗಿಯನ್ನು ನೋಡಲು ಮನಸ್ಸಿರಲಿಲ್ಲ. ಅಮ್ಮ ಗೋಂದಿನ ಬೆರಳಿನಿಂದಲೇ ಒತ್ತಿಬಿಟ್ಟಳು.

ಅಕ್ಕ ಕೂತಿದ್ದಳು. ಕಿಟಕಿಗೆ ಬೆನ್ನು ಹಾಕಿ ಅಲ್ಲ, ಮುಖ ಮಾಡಿ. ಎರಡೂ ಕೆನ್ನೆ ಬರಿದು. ಬೆಳಕೆಲ್ಲ ಮಚ್ಚೆಯ ಮೇಲೇ ಬಿದ್ದಿತ್ತು.

“ಹೋದ ತಿಂಗಳು ಒಂದು ತೀರ್ಪು ಕೊಟ್ಟಿದ್ದೆ,” ಅಂದಳು, ಅದೇ ಹವಾಮಾನ ವರದಿಯ ಧ್ವನಿಯಲ್ಲಿ. “ಅದು ತಪ್ಪು. ಪಟ್ಟಿಯೂ ತಪ್ಪಿತ್ತು. ಪಟ್ಟಿ ಬರೆದವಳು ನನ್ನ ತಂಗಿ, ಅವಳಿಗೆ ಬೈದಾಗಿದೆ. ಮುಚ್ಚಳ ತೆಗೆದು ನೋಡದೆ ಬರೆದವಳು ನಾನು. ನನಗೆ ನೀವು ಬೈಯಬಹುದು.”

ಮುಚ್ಚಳ ತಿರುಗಿಸಿದಳು. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ತಡವಾಯಿತು. ಮೂಸಿ, ವಾಸನೆ ಇಲ್ಲ ಎಂದಳು. ಒಂದು ಹನಿ ತೆಗೆದು ಬಲಗೆನ್ನೆಗೆ ಮಾತ್ರ ಹಚ್ಚಿದಳು. ಮಚ್ಚೆ ಮಾಯವಾಯಿತು. ಬಣ್ಣ ಎಲ್ಲಿ ಮುಗಿಯಿತು, ಅವಳ ಚರ್ಮ ಎಲ್ಲಿ ಶುರುವಾಯಿತು ಎಂದು ಮಾಡಿದ ನನಗೇ ತಿಳಿಯಲಿಲ್ಲ.

“ಇದು ಮುಚ್ಚೋದು. ಮುಚ್ಚೋದು ಬೇರೆ, ಆರೈಕೆ ಬೇರೆ. ಆರೈಕೆ ಆಗಬಹುದು ಅಂತ ಪಟ್ಟಿ ಹೇಳುತ್ತೆ, ಆಗುತ್ತೆ ಅಂತ ಯಾವ ಪಟ್ಟಿಯೂ ಹೇಳಲ್ಲ. ಅದಕ್ಕೆ ಮೂರು ತಿಂಗಳು ಈ ಕೆನ್ನೆಗೆ ದಿನಾ ಹಚ್ತೀನಿ, ಈ ಎಡಗಡೆಯದಕ್ಕೆ ಹಚ್ಚಲ್ಲ. ಬಿಸಿಲಿನ ಕ್ರೀಮು ಎರಡಕ್ಕೂ. ವಾರ ವಾರ ತೊಳೆದು ಇದೇ ಬೆಳಕಲ್ಲಿ ಕೂರ್ತೀನಿ. ನೀವೇ ನೋಡಿ ಹೇಳಿ.” ಬಾಟಲಿಯ ತಳವನ್ನು ನಮ್ಮ ಕಡೆ ತಿರುಗಿಸಿದಳು. “ಮೂರನೇ ಬಣ್ಣ ಯಾರ ಮುಖಕ್ಕೆ ಮಾಡಿದ್ದೋ ತಿಳಿಯದು ಅಂತ ಬರೆದಿದ್ದೆ. ಈ ಮುಖಕ್ಕೆ.”

ನಾನು ಅದನ್ನು ಮಾಡಿದ್ದು ಅವಳ ಕೆನ್ನೆ ಯಾರಿಗೂ ಕಾಣದಿರಲಿ ಎಂದು. ಅವಳು ಅದನ್ನೇ ನೆಪ ಮಾಡಿಕೊಂಡು ಊರಿಗೆಲ್ಲ ತೋರಿಸಿಬಿಟ್ಟಿದ್ದಳು. ಕೂಡಲೇ ಫೋನ್ ಮಾಡಿದೆ.

“ಆ ಇನ್ನೊಂದು ಕೆನ್ನೆಗೂ ಹಚ್ಚಬಾರದಿತ್ತೇನಕ್ಕಾ?”

“ಹಚ್ಚಿದ್ರೆ ಹೋಲಿಸೋದು ಯಾವುದಕ್ಕೆ? ಚೀಟಿ ಸರಿಯಾಗಿ ಅಂಟಿಸ್ತಿದೀರಾ?”

ಅಂಟಿಸುತ್ತಿರಲಿಲ್ಲ. ಅಮ್ಮ ವಿಡಿಯೋವನ್ನು ಮತ್ತೆ ಮೊದಲಿಗೆ ತಂದು, ಏನೂ ಹಚ್ಚದಿದ್ದ ಜಾಗದಲ್ಲಿ ನಿಲ್ಲಿಸಿ, ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದಳು. ಎಷ್ಟೋ ವರ್ಷಗಳ ಮೇಲೆ ಅವಳು ಎಚ್ಚರವಿದ್ದ ತನ್ನ ದೊಡ್ಡ ಮಗಳ ಮುಖವನ್ನು ಬೆಳಕಿನಲ್ಲಿ, ಎದುರಿನಿಂದ ನೋಡುತ್ತಿದ್ದಳು.