ನೀಲಿ ಇಳಿಯದ ಮಡಿಕೆ

ಅಬೆಯೊಕುಟ ಊರಿನ ಬಂಡೆಗಳ ಮೇಲೆ ಹರವಿದ ನೀಲಿ ಬಟ್ಟೆಗಳು, ನಿದ್ದೆಯಲ್ಲಿ ಉಸಿರಾಡುವ ಹಾಗೆ, ಬೆಳಗಿನ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಬಣ್ಣದ ಗಡಿಗೆಯ ಪಕ್ಕ, ಬಟ್ಟೆಗೆ ನೀಲಿ ಹಾಕುವ ಅಬೇಬಿ ಕೂತಿದ್ದಳು. ಮೊಮ್ಮಗಳು ವುರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಯ ಹತ್ತಿರ ಮನೆತನದ ಹೊಗಳುಹಾಡು ಹೇಳುವುದು ಅವಳ ಬೆಳಗಿನ ಪದ್ಧತಿ. ಈಚೆಗೆ ಹಾಡು ನಿಂತಿತ್ತು. ಅಜ್ಜಿಯ ಬಾಯಿ ವಾಸನೆ ಎಂದು ಮಗು ಒಮ್ಮೆ ಮುಖ ತಿರುಗಿಸಿತ್ತು. ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು.

ಪಕ್ಕದ ಮನೆಯ ಫೆಹಿಂತೊಲಾ ಹಲ್ಲಿನ ಆಸ್ಪತ್ರೆಯ ನರ್ಸು. ಹಲ್ಲಿನ ಸಂದಿಯನ್ನು ದಾರದಿಂದ ಶುಚಿ ಮಾಡಿಕೋ ಎಂದು ಹೇಳಿ ಹೋಗಿದ್ದಳು. ಅಬೇಬಿಗೆ ದಾರವೆಂದರೆ ಬಣ್ಣಕ್ಕೆ ಅದ್ದುವ ಮೊದಲು ಬಟ್ಟೆಗೆ ಗಂಟು ಹಾಕುವ ದಾರವೇ. ಗಂಟು ಬಿಗಿಯುವ ಹಾಗೇ ಜಗ್ಗಿದಳು. ವಸಡು ಕುಯ್ದು ರಕ್ತ ಬಂತು.

"ನಿನ್ನ ಮಾತು ಕೇಳಿ ಬಾಯಿ ಕುಯ್ಕೊಂಡೆ," ಎಂದಳು ಅಬೇಬಿ, ಫೆಹಿಂತೊಲಾ ಮತ್ತೆ ಬಂದಾಗ. "ನಮ್ಮವ್ವ ಹಲ್ಲುಜ್ಜೋ ಕಡ್ಡಿ ಜಗಿದೇ ಮುದುಕಿ ಆದ್ಲು."

"ಕೊನೇಲಿ ಹಲ್ಲೆಷ್ಟಿದ್ವು ಅವ್ವಂಗೆ?"

"ಒಂದಿತ್ತು. ಗಟ್ಟಿ ಇತ್ತು."

ಫೆಹಿಂತೊಲಾ ನಗು ತಡೆದುಕೊಂಡು, ಆಗಷ್ಟೇ ಗಂಟು ಬಿಚ್ಚಿದ್ದ ಬಟ್ಟೆಯನ್ನು ಹರಡಿದಳು. ನೀಲಿಯ ನಡುವೆ ಬಿಳಿಯ ಉಂಗುರಗಳು ಬೆಳದಿಂಗಳಂತೆ ತೇಲಿದವು.

"ಬಟ್ಟೆ ಪೂರ್ತಿ ಮುಳುಗಿತ್ತಲ್ಲಕ್ಕ, ಇಲ್ಲಿ ಯಾಕೆ ಬಣ್ಣ ಹತ್ತಲಿಲ್ಲ?"

"ಮಡಿಕೆ ಒಂದಕ್ಕೊಂದು ಒತ್ಕೊಂಡಿರೋ ಕಡೆ ಬಣ್ಣ ಹೆಂಗೆ ಇಳೀತದೆ..." ಎಂದಳು ಅಬೇಬಿ. ನಾಲಿಗೆ ತಾನಾಗಿ ಹಲ್ಲಿನ ಸಂದಿಗೆ ಹೋಗಿತ್ತು. ಕಡ್ಡಿಯೂ ಅಲ್ಲಿಗೆ ಇಳಿದಿರಲಿಲ್ಲ.

ಗಾಯ ಮೊದಲು ಮಾಯಲಿ ಎಂದಳು ಫೆಹಿಂತೊಲಾ. ಆಮೇಲೆ ಔಷಧಿ ಅಂಗಡಿಯ ಹಲ್ಲಿನ ದಾರವನ್ನೇ ಬಳಸಬೇಕು. ಎರಡೂ ತುದಿಯನ್ನು ಬೆರಳಿಗೆ ಸುತ್ತಿ, ನಿಧಾನವಾಗಿ ಸಂದಿಗೆ ಜಾರಿಸಬೇಕು. ಹಲ್ಲನ್ನು ತಬ್ಬುವಂತೆ ಬಾಗಿಸಿ, ವಸಡಿನ ಅಂಚಿನವರೆಗೂ ಮೇಲೆ ಕೆಳಗೆ ಆಡಿಸಬೇಕು. ಪಕ್ಕದ ಹಲ್ಲಿಗೂ ಹಾಗೇ. ಪ್ರತಿ ಸಂದಿಗೂ ದಾರದ ಹೊಸ ಭಾಗ. ಊದಿದ ವಸಡಿನಿಂದ ಮೊದಮೊದಲು ಸ್ವಲ್ಪ ರಕ್ತ ಬರಬಹುದು. ಹೆದರಿ ಬಿಡಬಾರದು. ಒಂದೆರಡು ವಾರವಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಬೇಬಿಯ ಹಲ್ಲಿಗೆ ಗಟ್ಟಿ ಪಾಚಿ ಕಟ್ಟಿತ್ತು, ಅದು ದಾರಕ್ಕೆ ಬಗ್ಗುವುದಲ್ಲ. ಫೆಹಿಂತೊಲಾ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅದನ್ನು ತೆಗೆಸಿದಳು.

ಈಗ ಮಲಗುವ ಮೊದಲು ಅಬೇಬಿಯ ಮನೆಯಲ್ಲಿ ಮಗ, ಸೊಸೆ ಎಲ್ಲರೂ ದಾರ ಕೇಳುತ್ತಾರೆ. ಒಂದು ಬೆಳಿಗ್ಗೆ ವುರಾ ತಾನೇ ಬಂದು ತೊಡೆಯೇರಿದಳು. ಅಬೇಬಿ ಅಂಜುತ್ತಲೇ ಬಗ್ಗಿ, ಅವಳ ಕಿವಿಯ ಹತ್ತಿರ ಹೊಗಳುಹಾಡಿನ ಮೊದಲ ಸಾಲು ಹೇಳಿದಳು. ಮಗು ಕಣ್ಣು ಮುಚ್ಚಿ ಇನ್ನೂ ಹತ್ತಿರ ಒರಗಿತು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬ್ರಷ್ ಇಳಿಯದ ಜಾಗ ನಮ್ಮೆಲ್ಲರ ಬಾಯಲ್ಲೂ ಇದೆ. ಎರಡು ಹೊತ್ತು ಹಲ್ಲುಜ್ಜಿ, ದಿನಕ್ಕೊಮ್ಮೆ ಹಲ್ಲಿನ ದಾರ ಬಳಸಿ. ಸೂಜಿ, ಪಿನ್ನು, ಹೊಲಿಗೆ ದಾರ ಬಾಯಿಗೆ ಹಾಕಬೇಡಿ. ನೀವು ಯಾರ ಕಿವಿಯಲ್ಲಿ ಪ್ರೀತಿಯ ಮಾತು ಹೇಳಬೇಕೆಂದಿದ್ದೀರೋ, ಅವರು ಮುಖ ತಿರುಗಿಸದಿರಲಿ.