ಕಲ್ಲಿಗೆ ಬಳಿದ ಮೊಸರು

ಮಾರಿನೆಟ್ ಹೊಗಳುವ ಹೆಂಗಸಲ್ಲ. ಮದುವೆಯಾಗಿ ನಲವತ್ತಾರು ವರ್ಷವಾಗಿದ್ದರೂ ಗಂಡ ಫಿರ್ಮಾಂ ಹೊದಿಸಿದ ಒಂದು ಮನೆಯ ಮಾಡನ್ನೂ ಅವಳು ಚೆನ್ನಾಗಿದೆ ಎಂದಿರಲಿಲ್ಲ. “ಸೋರಲ್ಲ ತಾನೇ? ಸಾಕು,” ಎಂದು ಸುಮ್ಮನಾಗುವಳು. ಅಂಥವಳನ್ನೇ ಫಿರ್ಮಾಂ ಈಗ, ರೋಕ್‌ಸೆರ್ ಎಂಬ ಊರಿಗೆ ಕರೆದುಕೊಂಡು ಹೋಗು ಎಂದು ಒಂದೇ ಸಮನೆ ಪೀಡಿಸುತ್ತಿದ್ದ.

ಅದಕ್ಕೆ ಕಾರಣವಿತ್ತು. ಫಿರ್ಮಾಂ ಕಲ್ಲುಚಪ್ಪಡಿಯ ಮಾಡು ಹೊದಿಸುವ ಕಸುಬಿನವನು. ಮೂವತ್ತೆಂಟು ವರ್ಷದ ಹಿಂದೆ ಬಿರುಗಾಳಿಯೊಂದು ರೋಕ್‌ಸೆರ್ ಇಗರ್ಜಿಯ ಅರ್ಧ ಮಾಡನ್ನು ಕಿತ್ತು ಕಣಿವೆಗೆ ಎಸೆದಿತ್ತು. ಊರಿಗೆ ಊರೇ ಏಳುನೂರು ವರ್ಷ ಹಳೆಯದು. ಹೊಸ ಕಲ್ಲು ತೇಪೆ ಹಾಕಿದಂತೆ ಎದ್ದು ಕಾಣಬಾರದು ಎಂದು ಊರವರು ಕಟ್ಟುನಿಟ್ಟಾಗಿ ಹೇಳಿದ್ದರು. ಫಿರ್ಮಾಂ ಎರಡು ಬೇಸಿಗೆ ಅಲ್ಲೇ ಉಳಿದ. ಸಂಜೆಯಾದರೆ ಕುರಿಗಾಹಿಗಳಿಂದ ಬಕೆಟ್ಟುಗಟ್ಟಲೆ ಮೊಸರು ತಂದು, ಪೊರಕೆ ಅದ್ದಿ, ಹೊಸ ಚಪ್ಪಡಿಗಳಿಗೆಲ್ಲ ಬಳಿಯುತ್ತಿದ್ದ. ಮೊಸರು ಕುಡಿದ ಕಲ್ಲಿಗೆ ಪಾಚಿ ಬೇಗ ಹಿಡಿಯುತ್ತದೆ. ಊರಿನ ಬೆಕ್ಕುಗಳೆಲ್ಲ ಏಣಿ ಹತ್ತಿ ಅವನ ಹಿಂದೆಯೇ ಇರುತ್ತಿದ್ದವಂತೆ.

ಮನೆಯಲ್ಲಿ ಎರಡು ಕೂಸುಗಳನ್ನು ಕಟ್ಟಿಕೊಂಡು ಹೆಣಗುತ್ತಿದ್ದ ಮಾರಿನೆಟ್‌ಗೆ ಇದನ್ನು ಕೇಳಿ ಮೈಯೆಲ್ಲ ಉರಿದಿತ್ತು. ಅಲ್ಲಿಂದಾಚೆಗೆ ಜಗಳ ಯಾವುದರಿಂದ ಶುರುವಾದರೂ ಕೊನೆಗೆ ಆ ಮೊಸರಿಗೇ ಬಂದು ನಿಲ್ಲುತ್ತಿತ್ತು. ಆ ಊರಿಗೆ ಕಾಲಿಡುವುದಿಲ್ಲ ಎಂದೂ ಅವಳು ಹಟ ಹಿಡಿದಿದ್ದಳು.

ಪಾಚಿ ಬಲಿಯುವುದಕ್ಕೆ ಮೂವತ್ತು ವರ್ಷ ಬೇಕು, ಅದಕ್ಕೆ ಮೊದಲು ಹೋಗಿ ನೋಡಬೇಡ ಎಂದು ಫಿರ್ಮಾಂಗೆ ಕಸುಬು ಕಲಿಸಿದ ಮುದುಕ ಹೇಳಿದ್ದ. ಆ ಮೂವತ್ತು ವರ್ಷ ದಾಟುವ ಹೊತ್ತಿಗೆ ಫಿರ್ಮಾಂನ ಕಣ್ಣು ಕೈಕೊಟ್ಟಿತು. ಅಕ್ಕಪಕ್ಕದ್ದು ಕಾಣುತ್ತದೆ, ಎದುರಿಗೆ ಇರುವುದೇ ಕಾಣದು.

“ನೀನು ನೋಡಿ ಹೇಳು. ಹೊಸದು ಯಾವುದು, ಹಳೇದು ಯಾವುದು ಅಂತ ಗೊತ್ತಾಗುತ್ತಾ, ಅಷ್ಟೇ. ಬೇರೆಯವರು ನನ್ನ ಮುಖ ನೋಡಿ ಸುಳ್ಳು ಹೇಳ್ತಾರೆ. ನಿನಗೆ ಆ ಚಟ ಇಲ್ಲ.”

“ಗೊತ್ತಾದ್ರೆ?”

“ಗೊತ್ತಾಗುತ್ತೆ ಅನ್ನು. ಎರಡು ಬೇಸಿಗೆ ದಂಡ ಆಯ್ತು ಅಂದ್ಕೋತೀನಿ.”

ಹೀಗೆ ಮೇ ತಿಂಗಳ ಒಂದು ಬೆಳಗ್ಗೆ ಮಾರಿನೆಟ್ ಕಾರು ಓಡಿಸಿದಳು. ಊರಬಾಗಿಲ ಕೆಳಗೆ, ಆಕ್ರೋಟ್ ಮರದಡಿ ಅದನ್ನು ನಿಲ್ಲಿಸಿ, ಗಂಡನ ತೋಳು ಹಿಡಿದು ಏರು ಹತ್ತಿದಳು. ಬಾಯಲ್ಲಿ ಗೊಣಗಾಟ ಸಿದ್ಧವಾಗಿತ್ತು. ಊರಬಾಗಿಲು ದಾಟಿದ ಮೇಲೆ ಅದು ಹೊರಗೆ ಬರಲಿಲ್ಲ.

ಹೊರೆ ಹೊತ್ತ ಕತ್ತೆಯೊಂದು ಹೋಗುವಷ್ಟೇ ಅಗಲದ ಬೀದಿ. ಮೇಲಂತಸ್ತುಗಳು ಎರಡೂ ಕಡೆಯಿಂದ ಬಾಗಿದ್ದವು; ಈ ಕಿಟಕಿಯವಳು ಆ ಕಿಟಕಿಯವಳಿಗೆ ಕೈ ಚಾಚಿ ಉಪ್ಪು ಕೊಡಬಹುದಿತ್ತು. ಹೊಸ್ತಿಲುಗಳೆಲ್ಲ ನಡುವೆ ಸವೆದು ಸೌಟಿನಂತೆ ತಗ್ಗಾಗಿದ್ದವು. ಎಷ್ಟು ಕಾಲುಗಳು ದಾಟಿರಬೇಕು! ಊರಿಗೆಲ್ಲ ಒಂದೇ ಆದ ಒಲೆಯಲ್ಲಿ ಆಗತಾನೆ ರೊಟ್ಟಿ ಬೆಂದ ವಾಸನೆ, ಗೋಡೆಯ ಸಂದಿನಲ್ಲಿ ಕಾಡು ಹೂವು. ಒಂದು ಬಾಗಿಲ ಮೊಳೆಗಳ ಸಾಲಿನ ಮೇಲೆ ಅವಳು ತನಗೇ ತಿಳಿಯದೆ ಬೆರಳಾಡಿಸಿದಳು. ಇಷ್ಟು ಚೆಂದದ ಊರನ್ನು ಮೂವತ್ತೆಂಟು ವರ್ಷ ಬಯ್ದುಕೊಂಡೇ ಕಳೆದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

“ಏನು, ಸದ್ದೇ ಇಲ್ಲ?” ಎಂದ ಫಿರ್ಮಾಂ.

“ಬಾಯಿ ಮುಚ್ಕೊಂಡು ನಡಿಯೋ ಮುದುಕ. ಕಲ್ಲು ಜಾರುತ್ತೆ.”

ಇಗರ್ಜಿಯ ಮುಂದಿನ ಬೆಂಚಿನ ಮೇಲೆ ಅವನನ್ನು ಕೂರಿಸಿ, ಅವಳು ಹಿಂದಿನ ದಿಣ್ಣೆಯ ಸ್ಮಶಾನಕ್ಕೆ ಹತ್ತಿದಳು. ಅಲ್ಲಿಂದ ಮಾಡು ಕಣ್ಣಿನ ಮಟ್ಟಕ್ಕೇ ಬರುತ್ತಿತ್ತು. ಸೂರಿನಲ್ಲಿ ಆಳೆತ್ತರದ ಚಪ್ಪಡಿಗಳು, ಮೇಲೆ ಹೋದಂತೆ ಚಿಕ್ಕವಾಗುತ್ತ, ತುದಿಯಲ್ಲಿ ಅಂಗೈಯಷ್ಟು. ಅದರ ಮೇಲೆಲ್ಲ ಹಸಿರು, ಕಂದು, ಬೂದಿ ಬಣ್ಣದ ಪಾಚಿ. ಕೈಕೆಲಸ ಎಂದರೆ ಇದು ಎಂದುಕೊಂಡಳು. ಆಗ ಗಂಟೆಗೋಪುರದ ಬುಡದಿಂದ ಕೆಳಗಿಳಿದ ಗೆರೆಯೊಂದು ಕಣ್ಣಿಗೆ ಬಿತ್ತು.

ಗೆರೆ ಸಣ್ಣದು, ಆದರೆ ಇತ್ತು. ಗುಡ್ಡದ ಕಡೆಯ ಅರ್ಧ ಬೇರು ಬಿಟ್ಟಂತೆ ಭದ್ರವಾಗಿ ಕೂತಿತ್ತು, ಪಾಚಿ ದಪ್ಪವಾಗಿತ್ತು. ಕೆಳಗೆ ಕಣಿವೆಯಲ್ಲಿ ಹರಿಯುವ ನದಿ ಕಡೆಯ ಅರ್ಧದಲ್ಲಿ ಪಾಚಿ ತೆಳು, ಎರಡು ಕಡೆ ತಗ್ಗು, ನಾಲ್ಕಾರು ಚಪ್ಪಡಿ ಡೊಂಕು. ಏಳುನೂರು ವರ್ಷ ನಿಂತದ್ದು ಯಾವುದು, ಗಂಡ ಹೊದಿಸಿದ್ದು ಯಾವುದು ಎಂದು ಇನ್ನು ಕೇಳಬೇಕೇ?

ಕೆಳಗೆ ಫಿರ್ಮಾಂ ಟೋಪಿಯನ್ನು ಮೊಣಕಾಲ ಮೇಲಿಟ್ಟು, ಮುಖ ಒಂದು ಪಕ್ಕಕ್ಕೆ ತಿರುಗಿಸಿ ಕಾಯುತ್ತಿದ್ದ. ಒಂದೇ ಒಂದು ಸುಳ್ಳು ಹೇಳಿದರೆ ಮುದುಕ ಖುಷಿಯಾಗಿ ಮನೆಗೆ ಬರುತ್ತಾನೆ. ದಿಣ್ಣೆ ಇಳಿಯುವಾಗ ಅವಳು ಆ ಸುಳ್ಳನ್ನು ಎರಡು ಸಲ ಬಾಯಿಪಾಠ ಮಾಡಿದಳು. ಆದರೆ ಸುಳ್ಳು ಕೇಳುವುದಕ್ಕಾದರೆ ಅವನು ಯಾರನ್ನು ಬೇಕಾದರೂ ಕರೆತರಬಹುದಿತ್ತು.

“ಗೊತ್ತಾಗುತ್ತೆ,” ಎಂದಳು ಪಕ್ಕದಲ್ಲಿ ಕೂತು.

ಫಿರ್ಮಾಂ ಟೋಪಿಯ ಅಂಚನ್ನು ಹಿಸುಕಿದ. “ತುಂಬಾ?”

“ಹುಡುಕಿದ್ರೆ ಗೊತ್ತಾಗುತ್ತೆ. ಪಾಚಿ ಸರಿಯಾಗಿ ಹಿಡಿದಿಲ್ಲ. ಎರಡು ಕಡೆ ಕುಸಿದಿದೆ. ನಾಲ್ಕಾರು ಕಲ್ಲು ಡೊಂಕು.”

“ಡೊಂಕಾ? ನಂದಾ? ಎಲ್ಲಿ?”

“ನದಿ ಕಡೆ. ಗೋಪುರದಿಂದ ಕೆಳಗೆ ಪೂರ್ತಿ.”

ಫಿರ್ಮಾಂನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಕೈ ಹಿಡಿದರೆ, ಆಸಾಮಿ ನಗುತ್ತಿದ್ದ. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿಕೊಂಡ.

“ನದಿ ಕಡೆ ನಾನು ಒಂದು ಕಲ್ಲನ್ನೂ ಮುಟ್ಟಿಲ್ಲ ಕಣೇ! ಗಾಳಿ ಕಿತ್ತಿದ್ದು ಗುಡ್ಡದ ಕಡೇದನ್ನ. ನಂದು ಗುಡ್ಡದ ಕಡೆ!”

ಮಾರಿನೆಟ್‌ಗೆ ಮೊದಲು ಅವಮಾನವಾಯಿತು. “ಹಾಗಾದ್ರೆ ಆ ಹಳೇ ಕಾಲದವರೂ ನಿನ್ನಂಥ ಸೋಮಾರಿಗಳೇ,” ಎಂದು ರೇಗಿದಳು. ರೇಗುತ್ತಿರುವಾಗಲೇ ಎದೆಯ ಮೇಲಿನ ಭಾರ ಇಳಿದು, ಅವಳಿಗೂ ನಗು ಬಂತು. ಎದ್ದು ನಿಂತು ಅವನ ತೋಳು ಹಿಡಿದೆಳೆದಳು.

“ಎಲ್ಲಿಗೆ?”

“ಮೇಲಕ್ಕೆ. ಗುಡ್ಡದ ಕಡೇದನ್ನ ನಾನು ಸರಿಯಾಗಿ ನೋಡಲಿಲ್ಲ.”

ಸಮಾಧಿಗಳ ನಡುವೆ ಇಬ್ಬರೂ ನಿಂತರು. ಮಾರಿನೆಟ್ ಸೂರಿನಿಂದ ತುದಿಯವರೆಗೆ ಒಂದೊಂದೇ ಸಾಲನ್ನು ಕಣ್ಣಿನಲ್ಲಿ ಹತ್ತಿದಳು. ಫಿರ್ಮಾಂ ಕೇಳಲು ಹೆದರಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

“ಮೊಸರು ದಂಡ ಆಗಿಲ್ಲ,” ಎಂದಳು ಮಾರಿನೆಟ್.